ಕೋಣೆಯ ದನಿಗೊಂದು ಮೈಕು

ಸೇಡಂ ತಾಲ್ಲೂಕಿನ ಮಳಖೇಡದ ಮಗ್ಗುಲಿಗೆ ಆದಿತ್ಯನಗರವಿದೆ. ಸಿಮೆಂಟು ಕಾರ್ಖಾನೆಯ ಜೊತೆಗೇ ಹುಟ್ಟಿದ ವಸತಿ ಊರು. ಅಲ್ಲಿರುವ ನನ್ನ ಅಣ್ಣನ ಮಗನಿಗೆ ಪಾಳಿ ಮುಗಿಯಿತೆಂದರೆ ಗಿಟಾರಿನ ಹುಚ್ಚು. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸಿ ಕೂಡಿಟ್ಟ ಹಣದಿಂದ ಒಂದು ಎಲೆಕ್ಟ್ರಿಕ್ ಗಿಟಾರು, 12 ಅಂಗುಲದ ಸ್ಪೀಕರ್ ಇರುವ ಒಂದು ಆಂಪ್ಲಿಫೈಯರು, ಎರಡು ಮೈಕು ಕೊಂಡಿದ್ದಾನೆ. ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಫೋನು ಮಾಡಿದ. 'ಕಾಕಾ, ಎದುರಿಗೆ ಕುಂತು ಕೇಳಿದ್ರ ಛಲೋ ಅದ. ರೆಕಾರ್ಡ್ ಮಾಡಿ ಕೇಳಿದ್ರ ಡಬ್ಬಿಯೊಳಗ ದುಂಬಿ ಹೊಕ್ಕಂಗ ಅದ. ಯಾಕ್ರಿ ಹಿಂಗ?'

ಒಂದು ಕಾಲಕ್ಕೆ ನಾನು ಧ್ವನಿಮುದ್ರಣದ ಕೆಲಸ ಮಾಡಿದವನು. ಮೈಕು ಎಲ್ಲಿಟ್ಟಿದ್ದೀ ಎಂದು ಕೇಳಿದೆ. 'ಸ್ಪೀಕರಿನ ಬಾಯಿಗೇ ಹಚ್ಚೀನಿ' ಎಂದ. ಕೇಳುವಾಗ ನೀನೆಲ್ಲಿದ್ದೆ? 'ಆ ಕಡಿ ಗ್ವಾಡಿಗೆ, ಹೊರಸಿನ ಮ್ಯಾಲ.' ಉತ್ತರ ಅಲ್ಲಿಯೇ ಇತ್ತು. ಹೊರಸಿನ ಮೇಲೆ ಕುಳಿತ ಅವನ ಕಿವಿ ಕೇಳಿದ್ದು ಸ್ಪೀಕರಿನ ದನಿಯನ್ನಷ್ಟೇ ಅಲ್ಲ. ನೆಲಕ್ಕೆ, ಗೋಡೆಗೆ, ಮೇಲಿನ ಚಾವಣಿಗೆ ಬಡಿದು ಮರಳಿ ಬಂದ ದನಿಯನ್ನೂ ಕೇಳಿತು. ಸ್ಪೀಕರಿಗೆ ಮೂಗು ಹಚ್ಚಿ ನಿಂತ ಮೈಕಿಗೆ ಅದು ಯಾವುದೂ ಸಿಗಲಿಲ್ಲ. ಅವನು ಗಿಟಾರನ್ನು ಮುದ್ರಿಸಿದ್ದ, ಕೋಣೆಯನ್ನು ಬಿಟ್ಟಿದ್ದ.

ದನಿ ಹಿಡಿಯುವ ಯಂತ್ರವನ್ನು ನುಡಿಸುವವರಿಂದ ಎಷ್ಟು ದೂರ ಇಡಬೇಕು? ಈ ಪ್ರಶ್ನೆಗೆ ಧ್ವನಿಮುದ್ರಣದಷ್ಟೇ ವಯಸ್ಸಾಗಿದೆ. ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ ಈ ಕೆಲಸಕ್ಕೆ ಮೈಕು ಬಳಕೆಗೆ ಬಂದಿರಲಿಲ್ಲ. ಇದ್ದದ್ದು ತುತ್ತೂರಿಯಂಥ ಒಂದು ತಗಡಿನ ಕೊಳವೆ. ಅದರ ಅಗಲ ಬಾಯಿಗೆ ಹಾಡಿದರೆ, ಸಣ್ಣ ತುದಿಯಲ್ಲಿದ್ದ ಪೊರೆ ಅದುರಿ, ಅದಕ್ಕೆ ಅಂಟಿದ ಸೂಜಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ವಿದ್ಯುತ್ತಿನ ಸಹಾಯ ಎಳ್ಳಷ್ಟೂ ಇಲ್ಲ. ಸೂಜಿಯನ್ನು ಅಲುಗಿಸುವ ಬಲವೆಲ್ಲ ಹಾಡುವವರ ಎದೆಯಿಂದಲೇ ಬರಬೇಕು. ಹೀಗಾಗಿ ಗಾಯಕರು ಕೊಳವೆಯೊಳಗೆ ಮುಖ ಹಾಕಿದಂತೆ ನಿಂತು ಹಾಡುತ್ತಿದ್ದರು. ದನಿ ಏರಿದಾಗ ಹಿಂದೆ ಸರಿಯುತ್ತಿದ್ದರು. ಮೆಲ್ಲಗಿನ ವಾದ್ಯ ಹತ್ತಿರ, ಜೋರಿನ ವಾದ್ಯ ದೂರ. ಗೋಡೆಗೆ ಬಡಿದು ಬಂದ ಕ್ಷೀಣ ದನಿಗೆ ಸೂಜಿಯನ್ನು ಅಲುಗಿಸುವ ತಾಕತ್ತೇ ಇರಲಿಲ್ಲ. ಆ ಕಾಲದ ತಟ್ಟೆಗಳಲ್ಲಿ ಹಾಡಿದೆ, ಹಾಡಿದ ಮನೆಯಿಲ್ಲ. ಇದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅರಮನೆಯ ತೊಟ್ಟಿಗಳಲ್ಲಿ ಅವರ ದನಿ ಹೇಗೆ ಮೊಳಗುತ್ತಿತ್ತೆಂಬುದನ್ನು ಆ ತಟ್ಟೆಗಳು ಹೇಳಲಾರವು.

1925ರಲ್ಲಿ ಮೈಕು ಬಂತು. ಪಿಸುಮಾತನ್ನೂ ಹಿಗ್ಗಿಸುವ ವಿದ್ಯುತ್ ಬಂತು. ಮೊದಲ ಬಾರಿಗೆ ಯಂತ್ರವು ಹಾಡುವವರಿಂದ ನಾಲ್ಕು ಹೆಜ್ಜೆ ದೂರ ನಿಲ್ಲುವುದು ಸಾಧ್ಯವಾಯಿತು. ಆದರೆ ಕಛೇರಿಗಳಿಗೆ ಈ ಸೌಲಭ್ಯ ತಕ್ಷಣ ದೊರೆಯಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಪಿಟೀಲು ಕೇಳುವುದಿಲ್ಲವೆಂದು ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ನಮಗೆಲ್ಲ ಗೊತ್ತಿರುವ ಕಥೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ಗಿಟಾರು ವಾದಕರಿಗೂ ಇದೇ ಸಂಕಟ. ತಮಟೆ, ಕಹಳೆಗಳ ದೊಡ್ಡ ಮೇಳದ ನಡುವೆ ಗಿಟಾರಿನ ದನಿ ಮುಳುಗಿಹೋಗುತ್ತಿತ್ತು. ಲಾಸ್ ಏಂಜಲೀಸಿನ ಜಾರ್ಜ್ ಬೋಶಾಂ ಎಂಬಾತ ತಂತಿಯ ಅಡಿಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇಟ್ಟು, ತಂತಿಯ ಕಂಪನವನ್ನು ನೇರವಾಗಿ ವಿದ್ಯುತ್ತಾಗಿ ಪರಿವರ್ತಿಸಿದ. 1932ರಲ್ಲಿ ಮಾರಾಟಕ್ಕೆ ಬಂದ ಆ ಅಲ್ಯುಮಿನಿಯಂ ಗಿಟಾರಿಗೆ ಜನ 'ಫ್ರೈಯಿಂಗ್ ಪ್ಯಾನ್' ಎಂದು ಅಡ್ಡಹೆಸರಿಟ್ಟರು. ನೋಡಲು ಹಿಡಿಕೆಯ ಬಾಣಲೆಯಂತೆಯೇ ಇತ್ತು. ಕೇಳಿಸದ ಹಿಂದಿನ ಸಾಲಿಗೆ ಮೈಸೂರು ಕೊಟ್ಟ ಉತ್ತರ ತಂತಿ, ಲಾಸ್ ಏಂಜಲೀಸ್ ಕೊಟ್ಟ ಉತ್ತರ ವಿದ್ಯುತ್ತು.

ಇದರಿಂದ ಒಂದು ವಿಚಿತ್ರ ಸಂಗತಿ ಘಟಿಸಿತು. ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ. ದನಿ ತುಂಬಿಕೊಳ್ಳುವ ಹೊಟ್ಟೆ ವಾದ್ಯದಲ್ಲಿಯೇ ಇರುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆಯಿಲ್ಲ. ಗಟ್ಟಿ ಮರದ ಹಲಗೆಯ ಆ ಗಿಟಾರನ್ನು ವಿದ್ಯುತ್ತಿಲ್ಲದೆ ಮೀಟಿದರೆ ಪಕ್ಕದಲ್ಲಿ ಕುಳಿತವನಿಗೂ ಸರಿಯಾಗಿ ಕೇಳಿಸದು. ಅದರ ಹೊಟ್ಟೆ ಹತ್ತು ಅಡಿ ತಂತಿಯ ಆ ತುದಿಯಲ್ಲಿ, ಆಂಪ್ಲಿಫೈಯರಿನ ಪೆಟ್ಟಿಗೆಯಲ್ಲಿದೆ. ಮೈಕು ಇಡಬೇಕಾದ್ದು ಆ ಪೆಟ್ಟಿಗೆಯ ಎದುರು. ಪೆಟ್ಟಿಗೆ ಒಂದು ಕೋಣೆಯಲ್ಲಿರುವುದರಿಂದ, ಬೇಕಿರಲಿ ಬೇಡವಿರಲಿ, ಆ ಕೋಣೆಯೂ ವಾದ್ಯದ ಒಂದು ಭಾಗವೇ ಆಗಿಬಿಡುತ್ತದೆ.

ಮೊದಮೊದಲು ಇದನ್ನು ಯಾರೂ ಪ್ರತ್ಯೇಕವಾಗಿ ಯೋಚಿಸಲಿಲ್ಲ. ಸ್ಟುಡಿಯೋ ಎಂದರೆ ಒಂದು ದೊಡ್ಡ ಕೋಣೆ, ಮೂರೋ ನಾಲ್ಕೋ ಮೈಕು, ಎಲ್ಲರೂ ಒಟ್ಟಿಗೆ ನುಡಿಸಬೇಕು. ಕೋಣೆ ತಾನಾಗಿ ಒಳಗೆ ಬರುತ್ತಿತ್ತು. ಸಾಲದಾದಾಗ ಅದನ್ನು ಬೇರೆ ಕಡೆಯಿಂದ ತಂದರು. 1947ರಲ್ಲಿ ಶಿಕಾಗೋದ ಯೂನಿವರ್ಸಲ್ ರೆಕಾರ್ಡಿಂಗ್ ಸಂಸ್ಥೆಯ ಬಿಲ್ ಪಟ್ನಮ್, ಹಾರ್ಮೋನಿಕ್ಯಾಟ್ಸ್ ಎಂಬ ಮೌತ್ ಆರ್ಗನ್ ತಂಡದ ತಟ್ಟೆಗಾಗಿ ಕಟ್ಟಡದ ಬಚ್ಚಲುಕೋಣೆಯನ್ನೇ ಬಳಸಿದ. ಸ್ಟುಡಿಯೋದ ದನಿಯನ್ನು ಬಚ್ಚಲಿನಲ್ಲಿಟ್ಟ ಸ್ಪೀಕರಿಗೆ ಕಳಿಸುವುದು, ನುಣುಪು ಗೋಡೆಗಳಿಗೆ ಬಡಿದು ಮೊಳಗಿದ್ದನ್ನು ಅಲ್ಲಿಟ್ಟ ಇನ್ನೊಂದು ಮೈಕಿನಿಂದ ಹಿಡಿದು ಮೂಲಕ್ಕೆ ಬೆರೆಸುವುದು. ಬಚ್ಚಲಿನಲ್ಲಿ ಯಾರ ಕಂಠವೂ ಇಂಪಾಗುತ್ತದೆಂಬ ಲೋಕಾನುಭವಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಸಿಕ್ಕಿರಲಾರದು. ಇದಕ್ಕೂ ಮಿಗಿಲಾದದ್ದು ಅರಿಜೋನಾದ ಫೀನಿಕ್ಸ್ ನಗರದ್ದು. ಅಲ್ಲಿ ಡುವೇನ್ ಎಡ್ಡಿ ಎಂಬ ಗಿಟಾರು ವಾದಕನಿಗಾಗಿ ನಿರ್ಮಾಪಕ ಲೀ ಹೇಜಲ್‌ವುಡ್ ಸುಮಾರು 2,000 ಗ್ಯಾಲನ್ನಿನ ಹಳೆಯ ನೀರಿನ ಟ್ಯಾಂಕನ್ನು ತಂದು ನಿಲ್ಲಿಸಿದ. ಟ್ಯಾಂಕಿನ ಒಂದು ತುದಿಗೆ ಸ್ಪೀಕರು, ಇನ್ನೊಂದು ತುದಿಗೆ ಮೈಕು. 1958ರಲ್ಲಿ ಲಕ್ಷಾಂತರ ಜನ ಮೆಚ್ಚಿದ ಆ ಗಿಟಾರಿನ ಗುಂಯ್‌ಗುಡುವಿಕೆ ಖಾಲಿ ಟ್ಯಾಂಕಿನದು.

ನಮ್ಮ ಸಿನಿಮಾ ಹಾಡುಗಳ ಕಥೆಯೂ ಬೇರೆಯಲ್ಲ. ಬಹುಕಾಲ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣವೆಂದರೆ ಮದರಾಸಿನ ರೈಲು ಹತ್ತುವುದೇ ಆಗಿತ್ತು. ಅಲ್ಲಿನ ದೊಡ್ಡ ಸ್ಟುಡಿಯೋಗಳಲ್ಲಿ ಪಿಟೀಲಿನವರು, ತಬಲದವರು, ಕೊಳಲಿನವರು, ಗಿಟಾರಿನವರು ಒಂದೇ ಸೂರಿನಡಿ ಕುಳಿತು ನುಡಿಸುತ್ತಿದ್ದರು. ಗಿಟಾರಿನ ಆಂಪ್ಲಿಫೈಯರಿಗೆ ಅಡ್ಡಲಾಗಿ ಹಲಗೆಯ ಮರೆ ಇಟ್ಟರೂ ಅದರ ದನಿ ಸುತ್ತಿ ಬಳಸಿ ಪಿಟೀಲಿನವರ ಮೈಕಿಗೆ ಹೋಗಿಯೇ ಹೋಗುತ್ತದೆ. ಧ್ವನಿಮುದ್ರಕರು ಇದನ್ನು 'ಲೀಕೇಜ್' ಎಂದು ಬೈಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಹಾಡುಗಳ ತುಂಬುತನದ ಅರ್ಧ ಗುಟ್ಟು ಈ ಸೋರಿಕೆಯೇ. ಯಾರೂ ಗಿಟಾರಿಗೆಂದು ಕೋಣೆಯ ಮೈಕು ಇಟ್ಟಿರಲಿಲ್ಲ. ಪಿಟೀಲಿನ ಮೈಕೇ ಗಿಟಾರಿಗೆ ಕೋಣೆಯ ಮೈಕಾಗಿತ್ತು. 'ಗೀತಾ' (1981) ಚಿತ್ರದ ಇಳಯರಾಜ ಸಂಗೀತದಲ್ಲಿ ಗಿಟಾರಿನ ಪಾಲು ದೊಡ್ಡದು. ಆ ಚಿತ್ರದಲ್ಲಿ ಹಾಡುಗಾರನಾಗಿ ನಟಿಸಿ, ನಿರ್ದೇಶಿಸಿದ ಶಂಕರ್‌ನಾಗ್ ಅವರೇ ಮುಂದೆ ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೋ ಕಟ್ಟಿ, ಕನ್ನಡದ ಹಾಡು ಕನ್ನಡದ ನೆಲದಲ್ಲೇ ಮುದ್ರಣವಾಗುವಂತೆ ಮಾಡಿದರು.

ಅಷ್ಟು ಹೊತ್ತಿಗೆ ಲೋಕದ ರೀತಿ ಬದಲಾಗಿತ್ತು. ಒಂದೇ ಟೇಪಿನ ಮೇಲೆ ಎಂಟು, ಹದಿನಾರು, ಇಪ್ಪತ್ತನಾಲ್ಕು ಪ್ರತ್ಯೇಕ ಪಟ್ಟಿಗಳು ಬಂದವು. ಒಬ್ಬೊಬ್ಬರೇ ಬಂದು ನುಡಿಸಿ ಹೋಗಬಹುದು, ಆಮೇಲೆ ಬೇಕಾದಂತೆ ಹದ ಮಾಡಬಹುದು. ಹಾಗೆ ಹದ ಮಾಡಲು ಒಂದರ ದನಿ ಇನ್ನೊಂದರಲ್ಲಿ ಬೆರೆತಿರಬಾರದು. ಆದ್ದರಿಂದ ಮೈಕು ಮತ್ತೆ ಸ್ಪೀಕರಿನ ಬಾಯಿಗೆ ಬಂತು. ಶೂರ್ ಕಂಪನಿ 1965ರಲ್ಲಿ ಹೊರತಂದ ಎಸ್‌ಎಂ 57 ಎಂಬ ಗಟ್ಟಿಮುಟ್ಟಾದ, ಅಗ್ಗದ ಮೈಕು ಇಂದಿಗೂ ಆಂಪ್ಲಿಫೈಯರುಗಳ ಎದುರು ಅಂಟಿಕೊಂಡಂತೆ ನಿಂತಿರುವುದನ್ನು ಕಾಣಬಹುದು. ಸ್ಟುಡಿಯೋಗಳ ಗೋಡೆಗಳಿಗೆ ದಪ್ಪ ಹಾಸು ಹೊದಿಸಿದರು, ನೆಲಕ್ಕೆ ಜಮಖಾನೆ ಹಾಸಿದರು. ಕೋಣೆ ಸತ್ತಿತು. ತಗಡಿನ ಕೊಳವೆಯ ಕಾಲದಲ್ಲಿ ಬೇರೆ ದಾರಿಯಿಲ್ಲದೆ ಮಾಡಿದ್ದನ್ನು ಈಗ ಬೇಕೆಂದೇ ಮಾಡಿದರು.

ಇದು ಸಾಲದೆಂದು ಕೆಲವರಿಗೆ ಬೇಗನೆ ತಿಳಿಯಿತು. ಲೆಡ್ ಜೆಪೆಲಿನ್ ತಂಡದ ಗಿಟಾರು ವಾದಕ ಜಿಮ್ಮಿ ಪೇಜ್, ಆಂಪ್ಲಿಫೈಯರಿನ ಹತ್ತಿರ ಒಂದು, ದೂರದಲ್ಲಿ ಇನ್ನೊಂದು ಮೈಕು ಇಟ್ಟು ಎರಡನ್ನೂ ಬೆರೆಸುವುದನ್ನು ತನ್ನ ಪದ್ಧತಿ ಮಾಡಿಕೊಂಡ. ದೂರವೇ ಆಳವನ್ನು ಕೊಡುತ್ತದೆಂಬುದು ಹಳೆಯ ಧ್ವನಿಮುದ್ರಕರಿಂದ ಆತ ಕಲಿತ ಪಾಠ. ಆ ತಂಡ 1971ರಲ್ಲಿ ಹೊರತಂದ ತಟ್ಟೆಯ ಒಂದು ಹಾಡಿನ ಡ್ರಮ್ಮಿನ ದನಿ ಇಂದಿಗೂ ದಂತಕಥೆ. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಬಂಗಲೆಯ ಮೆಟ್ಟಿಲುಕೋಣೆಯ ತಳದಲ್ಲಿ ಡ್ರಮ್ಮು. ಧ್ವನಿಮುದ್ರಕ ಆಂಡಿ ಜಾನ್ಸ್ ಮಹಡಿಯ ಕಟಾಂಜನದಿಂದ ಇಳಿಬಿಟ್ಟದ್ದು ಎರಡೇ ಎರಡು ರಿಬ್ಬನ್ ಮೈಕು. ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ 1977ರಲ್ಲಿ ಡೇವಿಡ್ ಬೋವಿಯ ಹಾಡಿಗೆ ಟೋನಿ ವಿಸ್ಕಾಂಟಿ ಮೂರು ಮೈಕು ಇಟ್ಟ: 9 ಅಂಗುಲ, 20 ಅಡಿ, 50 ಅಡಿ ದೂರದಲ್ಲಿ. ಗಾಯಕ ದನಿ ಏರಿಸಿದಾಗ ಮಾತ್ರ ದೂರದ ಮೈಕುಗಳ ಬಾಗಿಲು ತೆರೆಯುವಂಥ ಏರ್ಪಾಡು. ಮೆಲ್ಲಗೆ ಹಾಡಿದಾಗ ಕಿವಿಯ ಬಳಿ ಇರುವ ಮನುಷ್ಯ ಕೂಗಿದಾಗ ಇಡೀ ಸಭಾಂಗಣ ತುಂಬುತ್ತಾನೆ. ಇದೇ ದಾರಿಯಲ್ಲಿ ವಿಶ್ವಮೋಹನ ಭಟ್ಟರ ಮೋಹನವೀಣೆ ಮತ್ತು ರೈ ಕೂಡರನ ಗಿಟಾರಿನ ಜುಗಲಬಂದಿ 1992ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದ ಒಂದು ಪ್ರಾರ್ಥನಾಮಂದಿರದಲ್ಲಿ ಒಂದೇ ಜೋಡಿ ಮೈಕಿನಿಂದ ಮುದ್ರಣಗೊಂಡು, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು.

ಆದರೆ ನನಗೆ ಹೆಚ್ಚು ಹಿಡಿಸುವುದು ಶಿಕಾಗೋದ ಸ್ಟೀವ್ ಅಲ್ಬಿನಿಯ ಕೆಲಸ. 2024ರಲ್ಲಿ ತೀರಿಕೊಂಡ ಈತ ಕೋಣೆಯ ಮೈಕಿನ ಪರಮ ಭಕ್ತ. 1997ರಲ್ಲಿ ತನ್ನ ಸ್ಟುಡಿಯೋ ತೆರೆದಾಗ ಅದರ ಗೋಡೆಗಳಿಗೆ ನ್ಯೂ ಮೆಕ್ಸಿಕೋದಿಂದ ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ ತರಿಸಿದ. ಹಸಿ ಇಟ್ಟಿಗೆಯ ಗೋಡೆ! ಸೇಡಂ, ಚಿಂಚೋಳಿ ಕಡೆಯ ಅಜ್ಜಂದಿರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಮಣ್ಣಿನ ಗೋಡೆ ತೂಕವಾಗಿರುವುದರಿಂದ ದನಿಯನ್ನು ಹೊರಗೆ ಬಿಡುವುದಿಲ್ಲ. ಮೈ ಒರಟಾಗಿರುವುದರಿಂದ ಕಲ್ಲಿನಂತೆ ಚುರುಕಾಗಿ ಹಿಂದಕ್ಕೆ ಎಸೆಯುವುದೂ ಇಲ್ಲ.

ಕಲ್ಲಿನ ಮಾತು ಬಂತು. ಅಣ್ಣನ ಮಗನ ಕೋಣೆಗೆ ಹಿಂತಿರುಗೋಣ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸೀಮೆಯ ನೆಲದಡಿ ಇರುವುದು ಪದರು ಪದರಾಗಿ ಏಳುವ ಸುಣ್ಣಕಲ್ಲು. ಅದನ್ನೇ ಸುಟ್ಟು ಸಿಮೆಂಟು ಮಾಡುತ್ತಾರೆ, ಅದನ್ನೇ ಸೀಳಿ ಫರಸಿ ಮಾಡುತ್ತಾರೆ. ಶಹಾಬಾದಿ ಕಲ್ಲು ನಾಡಿನ ಎಷ್ಟೋ ರೈಲ್ವೆ ನಿಲ್ದಾಣಗಳ, ಕಚೇರಿಗಳ, ಅಡುಗೆಮನೆಗಳ ನೆಲವಾಗಿದೆ. ನಮ್ಮ ಕಡೆ ಅದು ನೆಲಕ್ಕಷ್ಟೇ ನಿಲ್ಲುವುದಿಲ್ಲ. ಗೋಡೆಗೂ, ಕೆಲವೆಡೆ ಚಾವಣಿಗೂ ಅದೇ. ಬೇಸಿಗೆಯಲ್ಲಿ ಮೈಯೊಡ್ಡಿ ಮಲಗಲು ಸುಖ. ದನಿಗೆ ಮಾತ್ರ ಅದು ಕನ್ನಡಿಯಿದ್ದಂತೆ.

ಎಷ್ಟರಮಟ್ಟಿಗೆ ಎಂಬುದಕ್ಕೆ ಲೆಕ್ಕವಿದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಮೇಷ್ಟ್ರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಒಂದೊಂದು ಮಾತೂ ಐದು ಸೆಕೆಂಡಿಗೂ ಹೆಚ್ಚು ಕಾಲ ಗಾಳಿಯಲ್ಲಿ ತೇಲುತ್ತಿತ್ತು. ಸರಿಪಡಿಸುವ ಹೊಣೆ ಬಿದ್ದ ಯುವ ಅಧ್ಯಾಪಕ ವಾಲೇಸ್ ಸ್ಯಾಬಿನ್, ಪಕ್ಕದ ನಾಟಕಶಾಲೆಯ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಒಂದೊಂದಾಗಿ ಹರಡುತ್ತ, ಆರ್ಗನ್ನಿನ ಕೊಳವೆ ಊದಿ, ದನಿ ಅಡಗುವ ಹೊತ್ತನ್ನು ಗಡಿಯಾರ ಹಿಡಿದು ಅಳೆದ. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸಬೇಕಾಗಿತ್ತು. ಅದರಿಂದ ಹುಟ್ಟಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಬರಿಯ ಕಲ್ಲಿನ ಕೋಣೆಯಲ್ಲಿ, ಬಾಗಿಲು ಕಿಟಕಿ ಮುಚ್ಚಿ ಚಪ್ಪಾಳೆ ತಟ್ಟಿದರೆ, ದನಿ ಪೂರ್ತಿ ಅಡಗಲು ಸುಮಾರು 5 ಸೆಕೆಂಡು ಬೇಕು. ಅದೇ ಕೋಣೆಗೆ ಹಾಸಿಗೆ, ನಾಲ್ಕಾರು ದಪ್ಪ ಕೌದಿ, ಬಟ್ಟೆಯ ಗೂಟ, ಮೂರು ಮಂದಿ ಬಂದರೆ ಅದು ಒಂದು ಸೆಕೆಂಡಿಗಿಂತ ಕೆಳಗೆ ಇಳಿಯುತ್ತದೆ. ಸ್ಟುಡಿಯೋದವರು ಸಾವಿರಾರು ರೂಪಾಯಿ ಕೊಟ್ಟು ತರುವ ವಸ್ತು ನಮ್ಮ ಅವ್ವಂದಿರ ಕೈಹೊಲಿಗೆಯ ಕೌದಿಯೇ.

ಕೋಣೆಯ ದನಿ ಎಷ್ಟಿದ್ದರೂ ಒಳ್ಳೆಯದೇ ಎಂದಲ್ಲ. ವಿಜಯಪುರದ ಗೋಲಗುಮ್ಮಟಕ್ಕೆ ಹೋಗಿ ಬಂದವರಿಗೆ ಇದು ಗೊತ್ತು. 1656ರ ಸುಮಾರಿಗೆ ಮುಗಿದ ಮುಹಮ್ಮದ್ ಆದಿಲ್‌ಶಹನ ಆ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಗುಟ್ಟು ಎದುರು ಬದಿಗೆ ಕಿವಿಯಿಟ್ಟವನಿಗೆ ಕೇಳಿಸುತ್ತದೆ. ದನಿ ಬಾಗಿದ ಗೋಡೆಯ ಮೈಗೆ ಅಂಟಿಕೊಂಡಂತೆ ಹರಿಯುವ ಈ ಸೋಜಿಗವನ್ನು ಸಿ.ವಿ. ರಾಮನ್ ಅಧ್ಯಯನ ಮಾಡಿ 1922ರಲ್ಲಿ ಬರೆದರು. ಆದರೆ ಅಲ್ಲಿ ಒಂದು ಹಾಡು ಹೇಳಿ ನೋಡಿ. ಮೊದಲ ಸಾಲಿನ ಮಾರ್ದನಿ ಮುಗಿಯುವ ಮುನ್ನ ಎರಡನೆಯ ಸಾಲು ಬಂದು, ಎಲ್ಲ ಕಲಸಿ ಗೊಜ್ಜಾಗುತ್ತದೆ. ಗಿಟಾರಿಗೂ ಅಷ್ಟೆ. ಒಂದೊಂದೇ ಸ್ವರ ನಿಧಾನಕ್ಕೆ ಮೀಟುವವನಿಗೆ ದೊಡ್ಡ ಕೋಣೆ ಒಪ್ಪೀತು. ಚಟಪಟ ತಾಳ ಹಾಕುವವನಿಗೆ ಸಣ್ಣದೇ ಮೇಲು.

ಹಾಗಾದರೆ ಕೋಣೆಯ ಮೈಕನ್ನು ಎಲ್ಲಿ ಇಡಬೇಕು? ನಾನು ಅಣ್ಣನ ಮಗನಿಗೆ ಮೊದಲು ಹೇಳಿದ್ದು, ಮೈಕು ಮುಟ್ಟಬೇಡ ಎಂದು. ಗೆಳೆಯನೊಬ್ಬನಿಗೆ ಗಿಟಾರು ಕೊಟ್ಟು, ಒಂದು ಕಿವಿಗೆ ಬೆರಳಿಟ್ಟುಕೊಂಡು ಕೋಣೆ ತುಂಬ ಓಡಾಡು. ಎರಡು ಕಿವಿಯಿಂದ ಕೇಳುವಾಗ ಮಿದುಳು ಬೇಡದ ಮಾರ್ದನಿಯನ್ನು ಬದಿಗೆ ಸರಿಸಿಬಿಡುತ್ತದೆ. ಮೈಕಿಗೆ ಆ ಜಾಣತನವಿಲ್ಲ. ಒಂದೇ ಕಿವಿಯಿಂದ ಕೇಳಿದರೆ ನಾವೂ ಅರ್ಧ ಮೈಕಾಗುತ್ತೇವೆ. ಎಲ್ಲಿ ದನಿ ಹಿತವೆನ್ನಿಸಿತೋ ಅಲ್ಲಿ ಕಿವಿ ಇದ್ದ ಎತ್ತರಕ್ಕೇ ಮೈಕು ನಿಲ್ಲಿಸು. ಆತ ಓಡಾಡಿ ನೋಡಿ ಬೆರಗಾದ. ಮೂಲೆಗೆ ಹೋದರೆ ಗುಮ್ಮೆನ್ನುತ್ತದೆ, ಎರಡು ಹೆಜ್ಜೆ ಸರಿದರೆ ಕೆಳಗಿನ ಸ್ವರವೇ ಮಾಯ.

ಇದರಲ್ಲಿ ಮಾಯವೇನಿಲ್ಲ. ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. (ನಮ್ಮ ಕಡೆಯ ಮೇ ತಿಂಗಳ 42 ಡಿಗ್ರಿಯಲ್ಲಿ 355ರ ಮೇಲೆ ಹೋಗುತ್ತದೆ. ಬಿಸಿಲಿಗೆ ದನಿಯೊಂದೇ ಚುರುಕಾಗುವುದು!) 4 ಮೀಟರ್ ಅಗಲದ ಕೋಣೆಯಲ್ಲಿ ಸೆಕೆಂಡಿಗೆ 85 ಕಂಪನದ ಅಲೆಯೊಂದು ಗೋಡೆಯಿಂದ ಗೋಡೆಗೆ ಸರಿಯಾಗಿ ಹಿಡಿಯುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಸ್ವರ 82 ಕಂಪನದ್ದು. ಅದು ಈ ಅಲೆಯ ಬಗಲಲ್ಲೇ ಇದೆ. ಗೋಡೆಗೆ ಒತ್ತಿ ಇಟ್ಟ ಮೈಕಿಗೆ ಆ ಸ್ವರ ಉಬ್ಬಿ ಕೇಳುತ್ತದೆ, ಗೋಡೆಯಿಂದ 1 ಮೀಟರ್ ದೂರದಲ್ಲಿಟ್ಟರೆ ಬಡವಾಗುತ್ತದೆ. ಆದ್ದರಿಂದ ಮೈಕನ್ನು ಎರಡು ಗೇಣು ಸರಿಸಿದರೂ ಬೇರೆ ಗಿಟಾರು ನುಡಿಸಿದಂತೆ ಕೇಳುವುದುಂಟು.

ಇನ್ನೊಂದು ತೊಡಕು ಎರಡು ಮೈಕುಗಳ ನಡುವಿನದು. ಹತ್ತಿರದ ಮೈಕಿಗಿಂತ ಇನ್ನೊಂದು ಮೈಕು 1.7 ಮೀಟರ್ ಹಿಂದಿದ್ದರೆ ದನಿ ಅದಕ್ಕೆ ಒಂದು ಸೆಕೆಂಡಿನ ಇನ್ನೂರನೇ ಒಂದು ಪಾಲು ತಡವಾಗಿ ತಲುಪುತ್ತದೆ. ಅಷ್ಟೇ ತಾನೆ ಎನ್ನಬೇಡಿ. ಎರಡನ್ನೂ ಬೆರೆಸಿದಾಗ 100, 300, 500 ಕಂಪನದ ಸ್ವರಗಳಲ್ಲಿ ಒಂದು ಮೈಕಿನ ಏರು ಇನ್ನೊಂದರ ಇಳಿವಿಗೆ ಬಿದ್ದು, ಪರಸ್ಪರ ತಿಂದುಕೊಳ್ಳುತ್ತವೆ. ಬೇರೆಬೇರೆಯಾಗಿ ಕೇಳಿದರೆ ಎರಡೂ ಚಂದ, ಕೂಡಿಸಿದರೆ ಸೊರಗು. ಹೊಸಬರು ಮೈಕೇ ಕೆಟ್ಟಿದೆ ಎಂದು ಕೊಳ್ಳುವುದು ಇಲ್ಲಿಯೇ. ದೂರದ ಮೈಕನ್ನು ಇನ್ನಷ್ಟು ದೂರ ಒಯ್ದರೆ, ನೇರ ಬರುವ ದನಿ ಕ್ಷೀಣಿಸಿ ಗೋಡೆಯಿಂದ ಮರಳಿದ್ದೇ ಹೆಚ್ಚಾಗುವುದರಿಂದ, ಈ ಜಗಳ ತಣ್ಣಗಾಗುತ್ತದೆ. ದೂರ ಇಮ್ಮಡಿಯಾದಂತೆಲ್ಲ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಮೊಳಗು ಮೂಲೆಮೂಲೆಗೂ ಬಹುಮಟ್ಟಿಗೆ ಒಂದೇ ಸಮನೆ ಇರುತ್ತದೆ.

ಸಣ್ಣ ಮನೆಯಲ್ಲಿ ದೂರ ಎಲ್ಲಿಂದ ತರುವುದು? ಇದಕ್ಕೆ ರಿಬ್ಬನ್ ಮೈಕಿನವರು ಒಂದು ಉಪಾಯ ಕಂಡುಕೊಂಡಿದ್ದಾರೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಹ್ಯಾರಿ ಓಲ್ಸನ್ ರೂಪಿಸಿದ ಈ ಬಗೆಯ ಮೈಕಿನಲ್ಲಿ ತೆಳ್ಳನೆಯ ಲೋಹದ ಪಟ್ಟಿಯೊಂದು ಅಯಸ್ಕಾಂತದ ನಡುವೆ ತೂಗುತ್ತದೆ. ಅದಕ್ಕೆ ಮುಂದೆ ಕೇಳುತ್ತದೆ, ಹಿಂದೆ ಕೇಳುತ್ತದೆ, ಎಡಬಲಕ್ಕೆ ಕಿವುಡು. ಆ ಕಿವುಡು ಬದಿಯನ್ನು ಆಂಪ್ಲಿಫೈಯರಿನ ಕಡೆ ತಿರುಗಿಸಿದರೆ, ನಾಲ್ಕೇ ಅಡಿ ದೂರವಿದ್ದರೂ ಅದು ನೇರ ದನಿಯನ್ನು ಬಿಟ್ಟು ಗೋಡೆಗಳನ್ನೇ ಕೇಳುತ್ತದೆ. ಸಾಮಾನ್ಯ ಮೈಕಿದ್ದವರು ಅದರ ಬೆನ್ನನ್ನು ಆಂಪ್ಲಿಫೈಯರಿಗೆ ಮಾಡಿ, ಮುಖವನ್ನು ಎದುರು ಗೋಡೆಗೆ ಮಾಡಬಹುದು. ಇಲ್ಲವೇ ಬಾಗಿಲು ಅರೆ ತೆರೆದು ಪಕ್ಕದ ಪಡಸಾಲೆಯಲ್ಲಿ ಇಡಬಹುದು. ಮೈಕಿನ ಆಯ್ಕೆಯೂ ಕೋಣೆಯನ್ನು ನೋಡಿಯೇ ಆಗಬೇಕು. ಕಲ್ಲಿನ ಕೋಣೆ ತಾನೇ ಚುರುಕು. ಅದಕ್ಕೆ ತುಸು ಮಂಕಾದ ರಿಬ್ಬನ್ ಮೈಕು ಒಳ್ಳೆಯದು. ಕೌದಿ ಹೊದ್ದ ಮೆತ್ತನೆಯ ಕೋಣೆಗೆ ಸೂಕ್ಷ್ಮ ಕಿವಿಯ ಕಂಡೆನ್ಸರ್ ಮೈಕು ಬೇಕು. ಅದೂ ನಾಲ್ಕು ದಿಕ್ಕಿನ ದನಿಯನ್ನು ಸಮನಾಗಿ ಕೇಳುವಂಥದಾದರೆ ಇನ್ನೂ ಲೇಸು. ಅಂಗಡಿಯವರು ಹೇಳುವ ಬೆಲೆಯ ಕ್ರಮದಲ್ಲಿ ಇದನ್ನು ತೀರ್ಮಾನಿಸಲಾಗದು.

ಇಂದಿನ ಹುಡುಗರಿಗೆ ಇಷ್ಟೆಲ್ಲ ರಗಳೆ ಬೇಕಿಲ್ಲ ಎನ್ನುವವರಿದ್ದಾರೆ. ಗಿಟಾರನ್ನು ನೇರ ಕಂಪ್ಯೂಟರಿಗೆ ಜೋಡಿಸಿದರೆ ಆಂಪ್ಲಿಫೈಯರೂ ಅದರೊಳಗೇ, ಕೋಣೆಯೂ ಅದರೊಳಗೇ ಸಿಗುತ್ತದೆ. ನಿಜ. ಒಂದು ಕೋಣೆಯಲ್ಲಿ ಬಲೂನು ಒಡೆದೋ, ಕೆಳಸ್ವರದಿಂದ ಮೇಲಕ್ಕೆ ಏರುವ ಸೀಟಿ ಹಾಕಿಯೋ ಅದರ ಮೊಳಗನ್ನು ಮುದ್ರಿಸಿಕೊಂಡರೆ, ಆಮೇಲೆ ಯಾವ ದನಿಗಾದರೂ ಆ ಕೋಣೆಯನ್ನು ತೊಡಿಸಬಹುದು. ಹೀಗೆ ಮಾರಾಟಕ್ಕಿರುವ ಕೋಣೆಗಳಲ್ಲಿ ಲಂಡನ್ನಿನ ಸ್ಟುಡಿಯೋಗಳಿವೆ, ಯುರೋಪಿನ ಇಗರ್ಜಿಗಳಿವೆ. ಮಾಳಿಗೆ ಮನೆಯ ಪಡಸಾಲೆಯನ್ನು ನಾನಂತೂ ಎಲ್ಲಿಯೂ ಕಂಡಿಲ್ಲ.

ಅದು ನನಗೇಕೆ ಬೇಕು ಎಂದರೆ, ಚಿತ್ತಾಪುರ ತಾಲ್ಲೂಕಿನ ನಮ್ಮ ಹಳೆಯ ಮನೆ ಅಂಥದು. ಮೊಳಕ್ಕಿಂತ ದಪ್ಪದ ಮಣ್ಣಿನ ಗೋಡೆ, ತೊಲೆ ಜಂತಿ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಫರಸಿ. ಅಪ್ಪ ಅಲ್ಲಿ ಅಮಾವಾಸ್ಯೆಯ ರಾತ್ರಿಗಳಲ್ಲಿ ತತ್ತ್ವಪದ ಹಾಡುತ್ತಿದ್ದರು. ಅವರ ಎರಡು ಮುದ್ರಣ ನಮ್ಮಲ್ಲಿವೆ. ಒಂದು, ನಾನೇ ಮುಂದೆ ನಿಂತು ಒಂದು ಸ್ಟುಡಿಯೋದಲ್ಲಿ ಬಾಯಿಗೆ ಮೈಕು ಹಿಡಿದು ಮಾಡಿಸಿದ್ದು. ಒಂದೊಂದು ಅಕ್ಷರ ಸ್ಪಷ್ಟ, ಉಸಿರು ತೆಗೆದದ್ದೂ ಕೇಳುತ್ತದೆ. ಇನ್ನೊಂದು, ಮನೆಯ ಕ್ಯಾಸೆಟ್. ಅಣ್ಣ ಟೇಪ್ ರೆಕಾರ್ಡರನ್ನು ಪಡಸಾಲೆಯ ಗೋಡೆಯ ಮಾಡದಲ್ಲಿಟ್ಟು ಗುಂಡಿ ಒತ್ತಿ ಮರೆತದ್ದು. ಅದರಲ್ಲಿ ದಮ್ಮಡಿ ಒಂದು ಮೂಲೆಯಲ್ಲಿದೆ, ತಾಳ ಇನ್ನೊಂದು ಕಡೆ, ಅಪ್ಪ ನಡುವೆ. ಹಿತ್ತಲಲ್ಲಿ ಅವ್ವ ಕೊಡ ಇಳಿಸಿದ ಸದ್ದೂ ಇದೆ. ಸ್ಟುಡಿಯೋದ ಮುದ್ರಣವನ್ನು ಸರಿಯಾಗಿದೆ ಎಂದು ಎಲ್ಲರಿಗೂ ಕೊಟ್ಟೆ. ಅಪ್ಪ ಹೋದ ಮೇಲೆ ಮನೆಯವರು ಹಾಕಿ ಕೇಳುವುದು ಮಾತ್ರ ಕ್ಯಾಸೆಟನ್ನು. ಕೆಲಸ ಬಲ್ಲವನೆಂಬ ಹಮ್ಮಿನಲ್ಲಿ ನಾನು ಬಿಟ್ಟದ್ದು ಏನೆಂದು ಅರಿವಾಗಲು ನನಗೆ ಬಹಳ ವರ್ಷ ಹಿಡಿಯಿತು. ಆ ಮನೆಯನ್ನು ಕೆಡವಿ ಈಗ ಆರ್‌ಸಿಸಿ ಕಟ್ಟಿದ್ದಾರೆ. ಪಡಸಾಲೆ ಇರುವುದು ಕ್ಯಾಸೆಟ್ಟಿನಲ್ಲಿ ಮಾತ್ರ.

ಆ ಕ್ಯಾಸೆಟನ್ನು ಕಂಪ್ಯೂಟರಿಗೆ ಇಳಿಸಿ ಆದಿತ್ಯನಗರಕ್ಕೆ ಕಳಿಸಿದ್ದೆ. ಹುಡುಗ ಈಗ ಆಂಪ್ಲಿಫೈಯರಿನ ಎದುರು ಗೋಡೆಗೆ ಎರಡು ಕೌದಿ ತೂಗುಬಿಟ್ಟಿದ್ದಾನೆ, ಉಳಿದ ಮೂರು ಗೋಡೆ ಬರಿಯ ಕಲ್ಲು. ಒಂದು ಮೈಕು ಸ್ಪೀಕರಿನ ಅಂಚಿಗೆ. ಎರಡನೆಯದನ್ನು ಕೋಣೆಯ ಬಾಗಿಲಲ್ಲಿ, ಬೆನ್ನು ಗಿಟಾರಿಗೆ ಮಾಡಿ ಇಟ್ಟಿದ್ದಾನೆ. ಮೊನ್ನೆ ಫೋನಿನಲ್ಲಿ, ಮುತ್ತ್ಯಾನ ಹಾಡು ಹಿಡಿದ ಆ ಮಾಡ ನೆಲದಿಂದ ಎಷ್ಟು ಎತ್ತರ ಇತ್ತು ಎಂದು ಕೇಳಿದ. ಎದೆಮಟ್ಟ ಇತ್ತು ಎಂದೆ. 'ಯಾರ ಎದಿಮಟ್ಟ, ಕಾಕಾ? ನಿಮ್ಮದೋ, ನಮ್ಮಪ್ಪಂದೋ?' ಎಂದ. ಅಣ್ಣ ನನಗಿಂತ ಅರ್ಧ ಗೇಣು ಎತ್ತರ. ಅವನನ್ನೇ ಗೋಡೆಗೆ ನಿಲ್ಲಿಸಿ ಅಳೆದುಕೋ ಎಂದು ಹೇಳಿದ್ದೇನೆ.